ಸಂಜೆಗಂದು ಚಿಟ್ಟೆಯನ್ನು ರೆಕ್ಕೆ ನೋಡಿ ಗುರುತಿಸುವುದು ಹೇಗೆ

ಎಸ್ಟೇಟ್ ರೈಟರ್ ಅಂದರೆ ಕೂತು ಬರೆಯುವವನು ಅಂತ ಹೊರಗಿನವರ ಲೆಕ್ಕ. ಬರೆಯುವುದು ದಿನಕ್ಕೆ ಅರ್ಧ ಗಂಟೆ. ಚೆಕ್‌ರೋಲಿನಲ್ಲಿ ಹಾಜರಿ, ಕೊಯ್ಲಿನ ಕಾಲದಲ್ಲಿ ಯಾರ ಹಣ್ಣು ಎಷ್ಟು ಕಿಲೋ ತೂಗಿತು, ಎಷ್ಟು ಮೂಟೆ ಗೊಬ್ಬರ ಹೋಯಿತು, ಅಷ್ಟೆ. ಮಿಕ್ಕಿದ್ದೆಲ್ಲ ನಡೆಯುವ ಕೆಲಸ. ಕೊಡಗಿನ ಸುಂಟಿಕೊಪ್ಪದ ಹತ್ತಿರದ ಒಂದು ಕಾಫಿ ತೋಟದಲ್ಲಿ ಇಪ್ಪತ್ತೆಂಟು ವರ್ಷ ಹಾಗೆ ನಡೆದಿದ್ದೇನೆ. ಕಪಾತು, ಮರಗಸಿ, ಚಿಗುರು ತೆಗೆಯುವುದು ನೋಡುತ್ತ ನೋಡುತ್ತ ಕಾಲಡಿಯಿಂದ ಏಳುವ ಚಿಟ್ಟೆಗಳನ್ನೂ ನೋಡುವ ಚಟ ಹತ್ತಿತು. ಹಳೆಯ ಚೆಕ್‌ರೋಲ್ ಪುಸ್ತಕದ ಹಿಂದಿನ ಖಾಲಿ ಹಾಳೆಗಳಲ್ಲಿ ಅವುಗಳ ಹಾಜರಿಯನ್ನೂ ಬರೆಯತೊಡಗಿದೆ.

ಅದರಲ್ಲಿ ಮೂರು ವರ್ಷ ಒಂದು ತಪ್ಪು ಹಾಜರಿ ಹಾಕಿದ್ದೇನೆ. ಮಳೆಗಾಲದಲ್ಲಿ ಕಾಣುತ್ತಿದ್ದ, ರೆಕ್ಕೆಯ ಮೇಲೆ ಸಾಲು ಸಾಲು ಕಣ್ಣಿನಂಥ ಬೊಟ್ಟುಗಳಿದ್ದ ಕಂದು ಚಿಟ್ಟೆಗೆ ‘ಕಣ್ಣಪ್ಪ’ ಅಂತ ಹೆಸರಿಟ್ಟುಕೊಂಡಿದ್ದೆ. ಬೇಸಿಗೆಯಲ್ಲಿ ತರಗೆಲೆ ನಡುವಿನಿಂದ ಎದ್ದು ನಾಲ್ಕು ಮಾರು ಆಚೆ ಬಿದ್ದು ಮತ್ತೆ ಎಲೆಯಾಗಿಬಿಡುವ ಇನ್ನೊಂದಕ್ಕೆ ‘ತರಗೆಲೆ’ ಅಂತ. ಎರಡು ಹೆಸರು, ಎರಡು ಕಾಲಮ್ಮು. ಎರಡೂ ಒಂದೇ ಚಿಟ್ಟೆ. ಇಂಗ್ಲಿಷಿನವರು ಕಾಮನ್ ಈವ್ನಿಂಗ್ ಬ್ರೌನ್ ಅನ್ನುವ, ವಿಜ್ಞಾನದ ಹೆಸರಿನಲ್ಲಿ ಮೆಲನೈಟಿಸ್ ಲೀಡಾ ಆಗಿರುವ ಸಂಜೆಗಂದು. ಲಿನೇಯಸ್ ಇದಕ್ಕೆ ಹೆಸರು ಕೊಟ್ಟದ್ದು 1758ರಲ್ಲಿ. ಆಫ್ರಿಕದಿಂದ ಆಸ್ಟ್ರೇಲಿಯದವರೆಗೆ ಹರಡಿರುವ ಚಿಟ್ಟೆ ನಮ್ಮ ಲೈನ್ ಮನೆಯ, ಅಂದರೆ ಕೆಲಸದವರ ಸಾಲುಮನೆಯ ಹಿಂದೆ ಕೂತಿರುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ತಪ್ಪು ತಿಳಿದದ್ದು ಗದ್ದೆಯಲ್ಲಿ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು, ನೀವು ಇಂಥದೊಂದನ್ನು ಕಂಡರೆ ಯಾವುದನ್ನು ಮೊದಲು ನೋಡಬೇಕು ಅನ್ನುವುದು. ನನ್ನ ಅಕ್ಕನ ಮಗಳು ಪೊನ್ನಂಪೇಟೆಯ ಅರಣ್ಯ ಕಾಲೇಜಿನಲ್ಲಿ ಓದುತ್ತಾಳೆ. ಅವಳ ಗೆಳತಿಯರು ಫೋನಿನಲ್ಲಿ ಚಿತ್ರ ಕಳಿಸಿ, “ಮಾವ, ಇದು ಯಾವುದು?” ಅಂತ ಕೇಳುತ್ತಲೇ ಇರುತ್ತಾರೆ. ಹತ್ತರಲ್ಲಿ ಏಳು ಚಿತ್ರ ಕಂದು ಚಿಟ್ಟೆಯದು, ಹತ್ತರಲ್ಲಿ ಎಂಟು ಚಿತ್ರ ಗುರುತಿಸಲಾಗದ ಕೋನದಲ್ಲಿ ತೆಗೆದದ್ದು. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಗಡಿಯಾರ ನೋಡಿ. ಸಂಜೆಗಂದು ಹಗಲಲ್ಲಿ ತಾನಾಗಿ ಹಾರುವುದು ಅಪರೂಪ. ನೀವು ತುಳಿಯುವಷ್ಟು ಹತ್ತಿರ ಹೋದಾಗ ಏಳುತ್ತದೆ, ಎಳೆದೆಳೆದು ಜೋಲಿ ಹೊಡೆದ ಹಾಗೆ ಹಾರುತ್ತದೆ, ಮೊಣಕಾಲಿಗಿಂತ ಮೇಲೆ ಹೋಗದೆ ಮತ್ತೆ ನೆರಳಿನಲ್ಲಿ ಇಳಿಯುತ್ತದೆ. ಅದರ ನಿಜವಾದ ಹೊತ್ತು ಸೂರ್ಯ ಮುಳುಗುವಾಗ. ಕೆಲಸದವರು ಸೌದೆ ಹೊತ್ತು ಲೈನಿಗೆ ಹೋದ ಮೇಲೆ, ಕಣದ ಲೈಟು ಹಾಕುವುದಕ್ಕೂ ಮೊದಲಿನ ಆ ಇಪ್ಪತ್ತು ನಿಮಿಷ ಇದೆಯಲ್ಲ, ಆಗ ಬೇಲಿ ಸಾಲಿನ ಉದ್ದಕ್ಕೂ ಎರಡು ಮೂರು ಒಂದನ್ನೊಂದು ಅಟ್ಟಿಸಿಕೊಂಡು ಹಾರುತ್ತವೆ. ಬಾವಲಿ ಮರಿಯೋ ಪತಂಗವೋ ಅಂತ ತಪ್ಪು ತಿಳಿಯುವಂತಿರುತ್ತದೆ. ಲೈಟು ಹಾಕಿದ ಮೇಲೆ ಕೆಲವು ಜಗಲಿಗೇ ಬಂದು ಗೋಡೆಗೆ ಕೂರುತ್ತವೆ. ಮಟಮಟ ಮಧ್ಯಾಹ್ನ ಬಿಸಿಲಿನಲ್ಲಿ ಹೂವಿಂದ ಹೂವಿಗೆ ಹಾರುವ ಕಂದು ಚಿಟ್ಟೆ ಕಂಡರೆ ಅದು ಇದಲ್ಲ. ಸಂಜೆಗಂದಿಗೆ ಹೂವೆಂದರೆ ಆಸಕ್ತಿಯಿಲ್ಲ. ಕೊಳೆತ ಹಣ್ಣು, ಮರದ ಗಾಯದಿಂದ ಒಸರುವ ರಸ, ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದಿಂದ ಬಂದ ಕಾಫಿ ಸಿಪ್ಪೆಯ ಗುಂಡಿ, ಇವು ಅದರ ಊಟದ ಮನೆ.

ಆಮೇಲೆ ಅಳತೆ. ರೆಕ್ಕೆ ಬಿಚ್ಚಿದರೆ ತುದಿಯಿಂದ ತುದಿಗೆ 6ರಿಂದ 8 ಸೆಂಟಿಮೀಟರ್. ರೆಕ್ಕೆ ಮಡಿಚಿ ಕೂತಾಗ ಹೆಚ್ಚುಕಡಿಮೆ ಒಂದು ಬೆಂಕಿಪೊಟ್ಟಣದಷ್ಟು ಜಾಗ ಹಿಡಿಯುತ್ತದೆ. ಅದಕ್ಕಿಂತ ತೀರ ಸಣ್ಣದು, ಹೆಬ್ಬೆರಳ ಉಗುರಿಗಿಂತ ಸ್ವಲ್ಪ ದೊಡ್ಡದು ಅನ್ನಿಸಿದರೆ ನೀವು ನೋಡುತ್ತಿರುವುದು ಹುಲ್ಲಿನ ಮೇಲೆ ಕುಪ್ಪಳಿಸುವ ‘ರಿಂಗ್’ ಜಾತಿಗಳನ್ನು. ಅವುಗಳ ವಿಷಯಕ್ಕೂ ಬರುತ್ತೇನೆ.

ಇಷ್ಟಾದ ಮೇಲೆ ಎಲ್ಲರೂ ಕಣ್ಣು ಎಣಿಸಲು ಹೋಗುತ್ತಾರೆ. ನಾನು ಕೆಟ್ಟದ್ದು ಅಲ್ಲೇ. ಕಣ್ಣಿಗಿಂತ ಮೊದಲು ಮುಂರೆಕ್ಕೆಯ ತುದಿ ನೋಡಿ. ಬೇರೆ ಕಂದು ಚಿಟ್ಟೆಗಳಲ್ಲಿ ಈ ತುದಿ ದುಂಡಗೆ, ಚಮಚದ ಅಂಚಿನಂತೆ ಇರುತ್ತದೆ. ಸಂಜೆಗಂದಿನಲ್ಲಿ ತುದಿ ಕತ್ತರಿಸಿದ ಹಾಗಿದ್ದು, ಅದರ ಕೆಳಗೆ ಒಂದು ಮೂಲೆ ಹೊರಕ್ಕೆ ಚಾಚಿರುತ್ತದೆ. ಬೇಸಿಗೆಯಲ್ಲಿ ಹುಟ್ಟಿದ್ದರಲ್ಲಿ ಆ ಮೂಲೆ ನಮ್ಮ ಕತ್ತಿಯ ಮೂತಿಯ ಹಾಗೆ ಕೊಕ್ಕೆಯಾಗಿ ಬಾಗಿರುತ್ತದೆ. ಮಳೆಗಾಲದ್ದರಲ್ಲಿ ಅಷ್ಟು ಚೂಪಿಲ್ಲ, ಆದರೂ ಪೂರಾ ದುಂಡಗಿಲ್ಲ. ಹಿಂರೆಕ್ಕೆಯ ಕೆಳ ಅಂಚಿನಲ್ಲಿ ಒಂದು ಮೊಂಡು ಹಲ್ಲು, ಬಾಲ ಅನ್ನಲೂ ಆಗದಷ್ಟು ಗಿಡ್ಡದು. ಅದೂ ಬೇಸಿಗೆಯಲ್ಲಿ ಸ್ವಲ್ಪ ಉದ್ದ. ಬಣ್ಣ ಏನೇ ಇರಲಿ, ಈ ಎರಡು ಮೂಲೆಗಳು ಕಂಡರೆ ನೀವು ಸರಿಯಾದ ಮನೆಯ ಬಾಗಿಲಿಗೆ ಬಂದಿದ್ದೀರಿ.

ಈಗ ಕಣ್ಣು. ಮಳೆಗಾಲದ್ದನ್ನು ಹತ್ತಿರದಿಂದ ನೋಡುವ ಅವಕಾಶ ಸಿಕ್ಕಿದರೆ ಬಿಡಬೇಡಿ. ಹೋದ ಆಗಸ್ಟಿನಲ್ಲಿ, ಕೊಡಗಿನ ಕಕ್ಕಡ ತಿಂಗಳ ಹದಿನೆಂಟನೇ ದಿನದ ಹಬ್ಬ ಕಳೆದು ಎರಡು ದಿನಕ್ಕೆ ಇರಬೇಕು, ಗೋದಾಮಿನ ಬಾಗಿಲ ಪಟ್ಟಿಗೆ ಒಂದು ಕೂತಿತ್ತು. ಹೊರಗೆ ಜಡಿಮಳೆ, ಅದಕ್ಕೂ ಹೋಗಲು ದಾರಿಯಿಲ್ಲ, ನನಗೂ ಇಲ್ಲ. ಟಾರ್ಚ್ ಓರೆ ಹಿಡಿದು ಅರ್ಧ ಗಂಟೆ ನೋಡಿದೆ. ಅಡಿಮೈಯ ಬಣ್ಣ ದೂರದಿಂದ ಒಂದೇ ಕಂದು. ಹತ್ತಿರ ಹೋದರೆ ನೆಲ ಮಾಸಲು ಬೂದಿ ಬಣ್ಣ, ಅದರ ಮೇಲೆಲ್ಲ ಅಡ್ಡಕ್ಕೆ ಸಣ್ಣ ಸಣ್ಣ ಕಡುಗಂದು ಗೀಟುಗಳು. ಒಣಗಿದ ಬಿದಿರ ತಟ್ಟಿಯ ಮೇಲೆ ಸೂಜಿಯಿಂದ ಗೀರಿದ ಹಾಗೆ ಒತ್ತೊತ್ತಾಗಿ. ಆ ಗೀಟುಗಳ ನಡುವೆ ಎರಡು ಮಸುಕು ಪಟ್ಟೆ. ಹೊರ ಅಂಚಿಗೆ ಸಮಾನಾಂತರವಾಗಿ ಕಣ್ಣುಗಳ ಸಾಲು.

ಹಿಂರೆಕ್ಕೆಯಲ್ಲಿ ಆರು ಕಣ್ಣು. ಒಂದೊಂದರ ನಡುವೆ ಬಿಳಿ ಚುಕ್ಕೆ, ಅದರ ಸುತ್ತ ಕಪ್ಪು, ಅದರಾಚೆ ಹಳದಿ ಬಳೆ. ಎಲ್ಲ ಒಂದೇ ಅಳತೆಯವಲ್ಲ. ಮೇಲ್ತುದಿಯದು ಮತ್ತು ಬಾಲದ ಹಲ್ಲಿನ ಹತ್ತಿರದ್ದು ದೊಡ್ಡವು, ನಡುವಿನವು ಸಣ್ಣವು. ಮುಂರೆಕ್ಕೆಯಲ್ಲಿ ನಾಲ್ಕರವರೆಗೆ ಇರುತ್ತವೆ, ಮೇಲಿನದು ದೊಡ್ಡದು. ಆದರೆ ಕೂತ ಚಿಟ್ಟೆ ಮುಂರೆಕ್ಕೆಯನ್ನು ಹಿಂರೆಕ್ಕೆಯ ಮರೆಗೆ ಸರಿಸಿಕೊಂಡಿರುವುದರಿಂದ ನಿಮಗೆ ಒಂದೋ ಎರಡೋ ಕಾಣಬಹುದು. ಅದಕ್ಕೇ ಮುಂರೆಕ್ಕೆಯ ಕಣ್ಣಿನ ಲೆಕ್ಕವನ್ನು ಗುರುತಿಗೆ ನಂಬಬೇಡಿ. ಗೋದಾಮಿನ ಬಾಗಿಲಲ್ಲಿ ನಾನು ಕಾಫಿ ಲೋಟ ಕೆಳಗಿಟ್ಟ ಸದ್ದಿಗೆ ಆ ಚಿಟ್ಟೆ ಮುಂರೆಕ್ಕೆಯನ್ನು ಚಕ್ಕನೆ ಮೇಲೆತ್ತಿತು, ಅಲ್ಲಿಯವರೆಗೆ ಮುಚ್ಚಿದ್ದ ಕಣ್ಣುಗಳು ಹೊರಬಂದವು, ಹಾರಲಿಲ್ಲ. ಒಂದು ನಿಮಿಷದಲ್ಲಿ ರೆಕ್ಕೆ ಮತ್ತೆ ಮೆಲ್ಲಗೆ ಒಳಕ್ಕಿಳಿಯಿತು.

ಬೇಸಿಗೆಯ ಕಥೆಯೇ ಬೇರೆ. ಹುತ್ತರಿ, ಅಂದರೆ ನಮ್ಮ ಭತ್ತದ ಸುಗ್ಗಿ ಹಬ್ಬ ಮುಗಿದು ಕಾಫಿ ಕೊಯ್ಲು ಶುರುವಾಗುವ ಹೊತ್ತಿನಿಂದ, ಕಾಫಿ ಹೂ ಅರಳಿಸುವ ಹೂಮಳೆ, ಅದರ ಬೆನ್ನಿಗೆ ಬರುವ ಬ್ಯಾಕಿಂಗ್ ಮಳೆ ಮುಗಿಯುವವರೆಗೆ ಕಾಣುವವುಗಳಲ್ಲಿ ಈ ಕಣ್ಣುಗಳು ಕುಗ್ಗಿ ಸಾಸಿವೆ ಕಾಳಿನಷ್ಟಾಗಿರುತ್ತವೆ, ಎಷ್ಟೋ ಸಲ ಇರುವುದೇ ಇಲ್ಲ. ಬಣ್ಣಕ್ಕಂತೂ ನಿಯಮವಿಲ್ಲ. ಒಂದು ಇಟ್ಟಿಗೆ ಪುಡಿಯ ಕೆಂಪು, ಒಂದು ಬೂದಿ, ಒಂದು ಹಳದಿ ಮಿಶ್ರದ ಮಣ್ಣು, ಇನ್ನೊಂದರ ಮೇಲೆ ಕಾಫಿ ಚೆಲ್ಲಿದಂಥ ಕಪ್ಪು ಮಚ್ಚೆ. ಒಂದೇ ಮರದ ಬುಡದಲ್ಲಿ ನಾಲ್ಕು ಕೂತಿದ್ದರೆ ನಾಲ್ಕೂ ನಾಲ್ಕು ಬಗೆ. ಹಲಸು, ಅತ್ತಿ, ಬೀಟೆ, ಸಿಲ್ವರ್ ಓಕ್, ನಮ್ಮ ನೆರಳು ಮರಗಳ ಎಲೆಯೂ ಹಾಗೇ ಅಲ್ಲವೇ, ಒಂದರಂತೆ ಒಂದು ಒಣಗುವುದಿಲ್ಲ. ಕೂರುವಾಗ ಇದು ಒಂದು ಪಕ್ಕಕ್ಕೆ ವಾಲಿಕೊಳ್ಳುತ್ತದೆ. ನೆಟ್ಟಗೆ ನಿಂತ ಎಲೆ ಯಾರಾದರೂ ನೋಡಿದ್ದೀರಾ? ವಾಲಿದ್ದರಿಂದ ನೆರಳೂ ನೆಲಕ್ಕೆ ಬೀಳುವುದು ಕಡಿಮೆ. ಕಾಲಿಟ್ಟ ಮೇಲೆಯೇ ಗೊತ್ತಾಗುವುದು.

ಯಾಕೆ ಹೀಗೆ ಎರಡು ವೇಷ ಅಂತ ಅಕ್ಕನ ಮಗಳನ್ನು ಕೇಳಿದೆ. ಅವಳು ಹೇಳಿದ್ದನ್ನೂ, ನಾನು ಕಂಡದ್ದನ್ನೂ ಸೇರಿಸಿ ಹೇಳುತ್ತೇನೆ. ಹುಳುವಾಗಿ ಬೆಳೆಯುವಾಗಿನ ಹವೆಯೇ ರೆಕ್ಕೆಯ ಕಣ್ಣು ದೊಡ್ಡದಾಗಬೇಕೋ ಬೇಡವೋ ಅಂತ ತೀರ್ಮಾನಿಸುತ್ತದೆ. ಆಫ್ರಿಕದ ಬೈಸಿಕ್ಲಸ್ ಅನ್ನುವ ಇದರ ನೆಂಟ ಚಿಟ್ಟೆಯನ್ನು ಪ್ರಯೋಗಾಲಯದಲ್ಲಿ ಸಾಕಿ, ಬೆಚ್ಚಗಿಟ್ಟರೆ ದೊಡ್ಡ ಕಣ್ಣು, ತಣ್ಣಗಿಟ್ಟರೆ ಸಣ್ಣ ಕಣ್ಣು ಬರುವುದನ್ನು ತೋರಿಸಿದ್ದಾರೆ. ಮಳೆಗಾಲದಲ್ಲಿ ಸುತ್ತ ಹಸಿರು, ಒಣ ಎಲೆಯ ವೇಷ ಹಾಕಿ ಪ್ರಯೋಜನವಿಲ್ಲ. ಆಗ ಹಕ್ಕಿಯ ಕೊಕ್ಕು ಮೈಗೆ ಬೀಳುವ ಬದಲು ಅಂಚಿನ ಕಣ್ಣಿಗೆ ಬಿದ್ದರೆ ಒಂದು ಚೂರು ರೆಕ್ಕೆ ಹೋದರೂ ಜೀವ ಉಳಿಯುತ್ತದೆ. ಬೇಸಿಗೆಯಲ್ಲಿ ನೆಲವೆಲ್ಲ ತರಗೆಲೆ, ಆಗ ಎದ್ದು ಕಾಣುವ ಕಣ್ಣು ಇದ್ದರೇ ಅಪಾಯ. ಮಳೆಗಾಲದ ಚಿಟ್ಟೆಗಳಲ್ಲಿ ಸರಿಯಾಗಿ ಬಾಲದ ಹತ್ತಿರದ ದೊಡ್ಡ ಕಣ್ಣಿರುವ ಜಾಗದಲ್ಲೇ ತ್ರಿಕೋನವಾಗಿ ಹರಿದು ಹೋಗಿದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ಮಡಿವಾಳ ಹಕ್ಕಿಯೋ, ಜಗಲಿಯ ಹಲ್ಲಿಯೋ, ಯಾರು ಹರಿದದ್ದು ಅಂತ ಹೇಳಲಾರೆ.

ಕಷ್ಟ ಇರುವುದು ನಡುವಿನ ತಿಂಗಳುಗಳಲ್ಲಿ. ಅಕ್ಟೋಬರ್, ನವೆಂಬರಿನಲ್ಲಿ ಎರಡೂ ವೇಷದವು ಒಟ್ಟಿಗೆ ಸಿಗುತ್ತವೆ, ಎರಡಕ್ಕೂ ನಡುವೆ ಇರುವ, ಕಣ್ಣು ಅರ್ಧ ತೆರೆದಂಥವೂ ಸಿಗುತ್ತವೆ. ಆಗ ಅಡಿಮೈಯನ್ನು ಬಿಟ್ಟು ಮೇಲ್ಮೈಗೆ ಹೋಗಬೇಕು.

ಮೇಲ್ಮೈಯ ಗುರುತು ಎರಡು ಕಾಲದಲ್ಲೂ ಉಳಿಯುವಂಥದ್ದು. ರೆಕ್ಕೆ ಪೂರ್ತಿ ಕಡುಗಂದು. ಮುಂರೆಕ್ಕೆಯ ತುದಿಯ ಒಳಗೆ ಎರಡು ದೊಡ್ಡ ಕಪ್ಪು ಬೊಟ್ಟು, ಸೇರಿಕೊಂಡು ಒಂದೇ ಕಪ್ಪು ಮಚ್ಚೆಯಂತೆ ಕಾಣುತ್ತವೆ. ಅದರೊಳಗೆ ಎರಡು ಬಿಳಿ ಚುಕ್ಕೆ. ಚುಕ್ಕೆಗಳು ಬೊಟ್ಟಿನ ಸರಿ ನಡುವೆ ಇಲ್ಲ, ಸ್ವಲ್ಪ ಹೊರಕ್ಕೆ ಸರಿದಿವೆ, ವಾರೆಗಣ್ಣಿನಿಂದ ನೋಡುವವನ ಹಾಗೆ. ಮಚ್ಚೆಯ ಒಳಪಕ್ಕಕ್ಕೂ ಮೇಲಕ್ಕೂ ತುಕ್ಕು ಹಿಡಿದ ಕಬ್ಬಿಣದ ಬಣ್ಣದ ಹುಬ್ಬು. ಬೇಸಿಗೆಯದರಲ್ಲಿ ಈ ಹುಬ್ಬು ಅಗಲ, ಮಳೆಗಾಲದ್ದರಲ್ಲಿ ಸಪೂರ. ಹಿಂರೆಕ್ಕೆಯ ಮೇಲೆ ಬಾಲದ ಹತ್ತಿರ ಒಂದು ಸಣ್ಣ ಕಣ್ಣು. ಕಪ್ಪು ಮಚ್ಚೆ, ಎರಡು ಬಿಳಿ ಚುಕ್ಕೆ, ತುಕ್ಕಿನ ಹುಬ್ಬು: ಈ ಮೂರೂ ಒಟ್ಟಿಗೆ ಕಂಡರೆ ಸಂಜೆಗಂದಿನ ಕುಲ ಅಂತ ಬರೆದುಕೊಳ್ಳಿ.

ಆದರೆ ಅದನ್ನು ನೋಡುವುದು ಹೇಗೆ? ಕೂತ ಕೂಡಲೇ ರೆಕ್ಕೆ ಮಡಿಚುವ ಜಾತಿ ಇದು. ಬಿಸಿಲು ಕಾಯಿಸಲು ಬಿಚ್ಚಿ ಕೂರುವುದಿಲ್ಲ. ನನಗೆ ಗೊತ್ತಿರುವುದು ಮೂರೇ ದಾರಿ. ಒಂದು, ಜಗಲಿ ಲೈಟಿಗೆ ಬಂದು ಬೆಳಿಗ್ಗೆ ಸತ್ತು ಬಿದ್ದದ್ದು, ಅಥವಾ ಜೇಡರ ಬಲೆಯಲ್ಲಿ ಉಳಿದ ರೆಕ್ಕೆ. ಗುಡಿಸುವುದಕ್ಕೆ ಮೊದಲು ಹೋಗಬೇಕು, ನನ್ನ ಹೆಂಡತಿ ಆರೂವರೆಗೆ ಜಗಲಿ ಗುಡಿಸುತ್ತಾಳೆ, ನಾನು ಆರಕ್ಕೇ ಬಗ್ಗಿಕೊಂಡಿರುತ್ತೇನೆ. ಎರಡು, ಫೋನಿನಲ್ಲಿ ವಿಡಿಯೋ ಹಾಕಿಟ್ಟು ಅದನ್ನು ಎಬ್ಬಿಸಿ, ಆಮೇಲೆ ನಿಧಾನಗತಿಯಲ್ಲಿ ನೋಡುವುದು. ಏಳುವ ಕ್ಷಣದಲ್ಲಿ ಹುಬ್ಬು ಮಿಂಚುತ್ತದೆ. ಮೂರನೆಯದು ಸಾಕುವುದು. ಕೈಯಲ್ಲಿ ಹಿಡಿಯುವುದು ಮಾತ್ರ ಬೇಡ, ರೆಕ್ಕೆಯ ಪುಡಿಯೇ ಗುರುತು, ಅದು ನಿಮ್ಮ ಬೆರಳಿಗೆ ಬಂದುಬಿಡುತ್ತದೆ.

ಗದ್ದೆಯಲ್ಲಿ ತಪ್ಪು ತಿಳಿದದ್ದನ್ನು ಆಮೇಲೆ ಹೇಳುತ್ತೇನೆ ಅಂದಿದ್ದೆ, ಅದು ಈ ಸಾಕಿದ ಕಥೆಯೇ. ತೋಟದ ಕೆಳಗೆ ಸಾಹುಕಾರ್ರಿಗೆ ಒಂದು ಎಕರೆ ಗದ್ದೆಯಿದೆ. ಊರಿನ ಎಷ್ಟೋ ಗದ್ದೆ ಪಾಳು ಬಿದ್ದರೂ ಅವರು ಹುತ್ತರಿಗೆ ಕದಿರು ಸ್ವಂತದ್ದೇ ಆಗಬೇಕು ಅಂತ ನಾಟಿ ಮಾಡಿಸುತ್ತಾರೆ. ಒಂದು ವರ್ಷ ನಾಟಿ ಮಾಡಿ ತಿಂಗಳಾಗಿತ್ತು, ಕಳೆ ಕೀಳುತ್ತಿದ್ದ ಹೆಂಗಸೊಬ್ಬಳು, “ರೈಟ್ರೇ, ಇದಕ್ಕೆ ಕೊಂಬು ಬಂದಿದೆ ನೋಡಿ” ಅಂತ ಭತ್ತದ ಗರಿ ಸಮೇತ ಒಂದು ಹುಳು ತಂದು ಕೊಟ್ಟಳು. ಭತ್ತದ ಗರಿಯದೇ ಹಸಿರು, ಮೈಮೇಲೆ ನವಿರು ರೋಮ, ತಲೆಯ ಮೇಲೆ ಕೆಂಗಪ್ಪು ಬಣ್ಣದ ಎರಡು ಕೊಂಬು, ಹಿಂದೆ ಕವೆಯಾದ ಬಾಲ. ಕೃಷಿ ಇಲಾಖೆಯವರು ಕೊಂಬಿನ ಹುಳು ಅನ್ನುವುದು ಇದನ್ನೇ. ಭತ್ತಕ್ಕೆ ದೊಡ್ಡ ನಷ್ಟ ಮಾಡುವ ಪೈಕಿ ಅಲ್ಲ. ಹುಲ್ಲು, ರಾಗಿ, ಜೋಳ, ಬಿದಿರಿನ ಗರಿಯನ್ನೂ ತಿನ್ನುತ್ತದೆ. ಹಾರ್ಲಿಕ್ಸ್ ಬಾಟಲಿಗೆ ಹಾಕಿ ಬಾಯಿಗೆ ಸೊಳ್ಳೆ ಪರದೆಯ ತುಂಡು ಕಟ್ಟಿ, ದಿನಾ ಹೊಸ ಗರಿ ಇಟ್ಟೆ. ರಾತ್ರಿಯೇ ಹೆಚ್ಚು ತಿನ್ನುತ್ತಿತ್ತು. ಒಂದು ಬೆಳಿಗ್ಗೆ ಗರಿಯ ಅಡಿಗೆ ತಲೆಕೆಳಗಾಗಿ ನೇತಾಡಿ ನುಣ್ಣನೆಯ ಹಸಿರು ಕೋಶವಾಯಿತು, ಮೂಗುಬೊಟ್ಟಿಗೆ ಬರುವ ಹಸಿರು ಹರಳಿನಂತೆ. ಸುಮಾರು ಹತ್ತು ದಿನಕ್ಕೆ ಚಿಟ್ಟೆ ಬಂತು. ಕಣ್ಣಪ್ಪ! ಆರು ಕಣ್ಣು, ಹಳದಿ ಬಳೆ, ಎಲ್ಲ ಸರಿ.

ಅದೇ ವರ್ಷ ಕಾಫಿ ಹಣ್ಣಾಗುವ ಹೊತ್ತಿಗೆ ಗದ್ದೆ ಬದುವಿನ ಹುಲ್ಲಿನಲ್ಲಿ ಅದೇ ಕೊಂಬಿನ ಹುಳು ಮತ್ತೆ ಸಿಕ್ಕಿತು. ಅದೇ ಬಾಟಲಿ, ಅದೇ ಪರದೆ. ಬಂದದ್ದು ತರಗೆಲೆ. ಕಣ್ಣಿಲ್ಲ, ತುದಿ ಕೊಕ್ಕೆ. ಬಾಟಲಿ ಹಿಡಿದುಕೊಂಡು ಕಣದ ಕಟ್ಟೆಯ ಮೇಲೆ ಕೂತುಬಿಟ್ಟೆ. ಮೂರು ವರ್ಷದ ಎರಡು ಕಾಲಮ್ಮಿಗೆ ಅಡ್ಡಗೆರೆ ಎಳೆದು ಒಂದು ಮಾಡಲು ಎರಡು ಸಂಜೆ ಬೇಕಾಯಿತು. ಕೂಲಿ ಲೆಕ್ಕದಲ್ಲಿ ಹೀಗೆ ಮಾಡಿದ್ದರೆ ಕೆಲಸ ಹೋಗುತ್ತಿತ್ತು.

ಈಗ ದಾರಿ ತಪ್ಪಿಸುವವರ ಪಟ್ಟಿ. ದೊಡ್ಡ ತಲೆನೋವು ಇದರ ಸ್ವಂತ ಅಣ್ಣತಮ್ಮ, ಡಾರ್ಕ್ ಈವ್ನಿಂಗ್ ಬ್ರೌನ್, ಮೆಲನೈಟಿಸ್ ಫೆಡಿಮಾ. ಅಳತೆ ಅದೇ, ಮೂಲೆ ಅದೇ, ಕೂರುವ ರೀತಿ ಅದೇ. ಮಳೆಗಾಲದಲ್ಲಿ ಬೇರ್ಪಡಿಸುವುದು ಅಷ್ಟು ಕಷ್ಟವಿಲ್ಲ. ಫೆಡಿಮಾದ ಅಡಿಮೈ ನೆಲವೇ ಕಪ್ಪಿಟ್ಟ ಕಂದು, ಕಣ್ಣುಗಳು ಇದ್ದರೂ ಸಣ್ಣವು, ಮಸಿ ಬಟ್ಟೆಯ ಹಿಂದಿನಿಂದ ನೋಡಿದಂತೆ ಮಂಕು. ನಮ್ಮ ಸಂಜೆಗಂದಿನಲ್ಲಿ ನೆಲ ತೆಳು, ಗೀಟು ಸ್ಪಷ್ಟ, ಕಣ್ಣಿನ ಹಳದಿ ಬಳೆ ಎದ್ದು ಕಾಣುತ್ತದೆ. ಬೇಸಿಗೆಯಲ್ಲಿ ಎರಡೂ ಎಲೆಯ ವೇಷ ಹಾಕಿದ ಮೇಲೆ ಕೂತ ಚಿಟ್ಟೆಯ ಒಂದು ಬದಿಯ ಚಿತ್ರದಿಂದ ಖಡಾಖಂಡಿತ ಹೇಳುವವರನ್ನು ನಾನು ನಂಬುವುದಿಲ್ಲ. ನನ್ನ ಪುಸ್ತಕದಲ್ಲಿ ಅಂಥವಕ್ಕೆ ಬರೀ ‘ಮೆಲನೈಟಿಸ್’ ಅಂತ ಬರೆದು ಬಿಡುತ್ತೇನೆ. ಇದೇ ಕುಲದಲ್ಲಿ ಇನ್ನೂ ದೊಡ್ಡದೊಂದಿದೆ, ಗ್ರೇಟ್ ಈವ್ನಿಂಗ್ ಬ್ರೌನ್, ಅದು ದಟ್ಟ ಕಾಡಿನದು, ತೋಟದಲ್ಲಿ ನಾನು ಕಂಡಿಲ್ಲ.

ಬುಷ್‌ಬ್ರೌನ್‌ಗಳು ಇದಕ್ಕಿಂತ ಸಣ್ಣವು, ರೆಕ್ಕೆ ದುಂಡಗೆ. ಅವುಗಳ ಅಡಿಮೈಯಲ್ಲಿ ಎರಡೂ ರೆಕ್ಕೆಗಳನ್ನು ಒಂದೇ ಏಟಿಗೆ ದಾಟುವ ತೆಳುಬಣ್ಣದ ನೇರ ಪಟ್ಟಿಯಿರುತ್ತದೆ, ಸೀಮೆಸುಣ್ಣದಲ್ಲಿ ಸ್ಕೇಲು ಹಿಡಿದು ಎಳೆದಂತೆ. ಕಣ್ಣುಗಳೆಲ್ಲ ಆ ಪಟ್ಟಿಯ ಹೊರಗೆ. ಪಟ್ಟಿ ಕಂಡರೆ ಸಂಜೆಗಂದು ಅಲ್ಲ. ಅವುಗಳ ಪೈಕಿ ಗ್ಲಾಡ್‌ಐ ಬುಷ್‌ಬ್ರೌನ್ ನಮ್ಮ ಕಡೆಯ ವಿಶೇಷ, ಪಶ್ಚಿಮಘಟ್ಟದ ಕಡೆ ಮತ್ತು ಶ್ರೀಲಂಕಾ ಬಿಟ್ಟರೆ ಬೇರೆಲ್ಲೂ ಇಲ್ಲ. ಮುಂರೆಕ್ಕೆಯ ಮೇಲ್ಮೈಯಲ್ಲಿ ಅಗಲವಾದ ಹಳದಿ ಬಳೆಯ ದೊಡ್ಡ ಕಣ್ಣು ಅದರ ಗುರುತು.

ರಿಂಗ್ ಜಾತಿಗಳನ್ನು ಎಣಿಸಿಯೇ ತೀರಿಸಬಹುದು. ಎಲ್ಲದರ ಮುಂರೆಕ್ಕೆಯಲ್ಲೂ ಒಂದೇ ದೊಡ್ಡ ಹಳದಿ ಬಳೆ, ಅದರೊಳಗೆ ಎರಡು ಬೆಳ್ಳಿ ಚುಕ್ಕೆ. ಹಿಂರೆಕ್ಕೆಯ ಅಡಿಮೈಯಲ್ಲಿ ಮೇಲೊಂದು, ಕೆಳಗೆ ಸಾಲಾಗಿ ಮೂರು ಇದ್ದರೆ ಫೋರ್‌ರಿಂಗ್. ಜೋಡಿ ಜೋಡಿಯಾಗಿದ್ದರೆ ಫೈವ್‌ರಿಂಗ್. ಹಿಂರೆಕ್ಕೆಯೇ ಬೆಳ್ಳಗಿದ್ದರೆ ವೈಟ್ ಫೋರ್‌ರಿಂಗ್. ಇವೆಲ್ಲ ಹಗಲಲ್ಲೇ ಹುಲ್ಲಿನ ಮಟ್ಟದಲ್ಲಿ ಕುಪ್ಪಳಿಸುತ್ತಿರುತ್ತವೆ.

ಬಿದಿರು ಮೆಳೆಯಲ್ಲಿದ್ದರೆ ಬ್ಯಾಂಬೂ ಟ್ರೀಬ್ರೌನ್ ಇರಬಹುದು, ಅದರ ಕಣ್ಣುಗಳು ದುಂಡಗಿರದೆ ಒಡೆದು ಹರಡಿದಂತಿರುತ್ತವೆ, ಹೆಣ್ಣಿನ ಮುಂರೆಕ್ಕೆಗೆ ಓರೆ ಬಿಳಿ ಪಟ್ಟೆ. ಹರಳು ಗಿಡದ ಸುತ್ತ ರೆಕ್ಕೆ ಬಿಚ್ಚಿ ತೇಲುವ ಇಟ್ಟಿಗೆ ಬಣ್ಣದ್ದು ಆ್ಯಂಗಲ್ಡ್ ಕ್ಯಾಸ್ಟರ್, ಕಣ್ಣೇ ಇಲ್ಲ, ಬರೀ ಅಲೆ ಗೆರೆ. ಇನ್ನು ಎಲೆಯ ವೇಷದಲ್ಲಿ ಎಲ್ಲರಿಗೂ ಗುರುವಾದ ಬ್ಲೂ ಓಕ್‌ಲೀಫ್. ಅದರಲ್ಲಿ ಎಲೆಯ ನಡುನರದಂಥ ಗೆರೆ ಮುಂರೆಕ್ಕೆಯ ಚೂಪು ತುದಿಯಿಂದ ಬಾಲದವರೆಗೆ ಒಂದೇ ಸಮ ಹೋಗುತ್ತದೆ, ಹಾರಿದರೆ ನೀಲಿ ಮಿಂಚುತ್ತದೆ. ಸಂಜೆಗಂದು ಹಾರಿದರೆ ನೀಲಿ ಗೀಲಿ ಏನೂ ಇಲ್ಲ, ಕಂದು ಹೋಗಿ ಕಂದು ಬಂತು ಅಷ್ಟೆ.

ಹುಡುಕುವ ಬಗೆ. ಒಂದು ಕರಟಕ್ಕೆ ಕಪ್ಪಾದ ಬಾಳೆಹಣ್ಣು ಹಿಸುಕಿ ಹಾಕಿ, ಒಂದು ಚಮಚ ಬೆಲ್ಲ ಸೇರಿಸಿ, ಎರಡು ದಿನ ಮುಚ್ಚಿಡಿ. ಮುಚ್ಚಳ ತೆಗೆದರೆ ಮೂಗು ಹಿಡಿಯುವಂತಾಗಬೇಕು. ಅದನ್ನು ಕಾಫಿ ಗಿಡದ ನೆರಳಿಗೆ, ಸೊಂಟದೆತ್ತರದಲ್ಲಿ ನೇತುಹಾಕಿ. ಹಗ್ಗಕ್ಕೆ ಎಣ್ಣೆ ಸವರದಿದ್ದರೆ ಇರುವೆಗಳೇ ಮುಗಿಸುತ್ತವೆ. ನನ್ನ ಮೊದಲ ಕರಟವನ್ನು ರಾತ್ರಿ ಪುನುಗಿನ ಬೆಕ್ಕು ಹಗ್ಗ ಸಮೇತ ಕೆಡವಿ ನೆಕ್ಕಿತ್ತು. ಸಂಜೆ ಕಟ್ಟಿ, ನೋಡಿ, ಕತ್ತಲಾಗುವಾಗ ಬಿಚ್ಚಿಕೊಂಡು ಬರುವುದು ವಾಸಿ.

ಬಿದ್ದ ಹಲಸಿನ ಹಣ್ಣಿಗೆ ಇದಕ್ಕಿಂತ ಹೆಚ್ಚು ಚಿಟ್ಟೆ ಬರುತ್ತವೆ, ನಿಜ. ಆದರೆ ಅದೇ ಹಣ್ಣಿಗೆ ಆನೆಯೂ ಬರುತ್ತದೆ, ಅದೂ ಅದೇ ಮುಸ್ಸಂಜೆಗೆ. ಹಲಸು ಹಣ್ಣಾಗುವ ಕಾಲದಲ್ಲಿ ನಮ್ಮ ತೋಟಗಳಲ್ಲಿ ಆರು ಗಂಟೆಯ ಮೇಲೆ ಹಲಸಿನ ಬುಡಕ್ಕೆ ಚಿಟ್ಟೆ ನೋಡಲು ಹೋಗುವವನಿಗೆ ಬುದ್ಧಿ ಇಲ್ಲ ಅಂತಲೇ ಲೆಕ್ಕ. ಬೆಳಿಗ್ಗೆ ಎಂಟರ ನಂತರ, ಕೆಲಸದವರು ಆ ಬ್ಲಾಕಿಗೆ ಹೋದ ಮೇಲೆ, ಅವರ ಜೊತೆಗೇ ಹೋಗಿ. ಚಿಟ್ಟೆ ಆಗಲೂ ಅಲ್ಲೇ ಹಣ್ಣಿನ ತೊಳೆಗೆ ಅಂಟಿಕೊಂಡಿರುತ್ತದೆ, ಹುಳಿ ರಸ ಕುಡಿದು ಮಂಪರು ಹಿಡಿದಂತೆ ಬೆರಳು ಹತ್ತಿರ ತಂದರೂ ಏಳುವುದಿಲ್ಲ.

ಚಿತ್ರ ತೆಗೆಯುವಾಗ ನಿಂತು ಮೇಲಿನಿಂದ ತೆಗೆದರೆ ಒಂದು ಕಂದು ಗೆರೆ ಮಾತ್ರ ಬರುತ್ತದೆ. ರೆಕ್ಕೆಯ ಪಕ್ಕಕ್ಕೆ ಫೋನು ಸಮಾನಾಂತರವಾಗಬೇಕು, ಅಂದರೆ ಮೊಣಕಾಲೂರಬೇಕು, ಅಂದರೆ ಜಿಗಣೆ ಹತ್ತುತ್ತದೆ. ಕಾಲುಚೀಲಕ್ಕೆ ಹೊಗೆಸೊಪ್ಪಿನ ನೀರೋ ಉಪ್ಪೋ ಹಚ್ಚಿಕೊಂಡೇ ಹೋಗಿ. ಫ್ಲಾಷ್ ಬೇಡ, ಗೀಟುಗಳೆಲ್ಲ ಬಿಳಚಿ ಅಳಿಸಿಹೋಗುತ್ತವೆ. ಟಾರ್ಚನ್ನು ಒಂದು ಬದಿಯಿಂದ ಓರೆಯಾಗಿ ಬಿಡಿ. ಮುಂರೆಕ್ಕೆಯ ತುದಿ ಮತ್ತು ಹಿಂರೆಕ್ಕೆಯ ಹಲ್ಲು ಎರಡೂ ಚೌಕಟ್ಟಿನೊಳಗೆ ಇರಲಿ. ನನಗೆ ಬರುವ ಚಿತ್ರಗಳಲ್ಲಿ ಅರ್ಧಕ್ಕೆ ತುದಿಯೇ ಕತ್ತರಿಸಿ ಹೋಗಿರುತ್ತದೆ.

ಕರ್ನಾಟಕದ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ನೋಡಲು ಹೊರಗಿನಿಂದ ಎಷ್ಟೋ ಜನ ಬರುತ್ತಾರೆ, ಬರಲಿ, ಅದು ನಿಜಕ್ಕೂ ಚಂದ. ತೋಟದ ಗೇಟಿನ ಹತ್ತಿರ ಅದು ಹಾರಿದಾಗ ಅವರೆಲ್ಲ ತಲೆ ಮೇಲೆತ್ತಿ ನಿಂತಿದ್ದರು, ಒಬ್ಬರ ಬೂಟಿನ ಪಕ್ಕದಲ್ಲಿ ಸಂಜೆಗಂದು ಒಂದು ವಾಲಿಕೊಂಡು ಕೂತಿತ್ತು. ನಾನು ಹೇಳಲಿಲ್ಲ. ಹೇಳಿದ್ದರೆ ತುಳಿಯುತ್ತಿದ್ದರು.

ಬರೆದಿಡುವಾಗ ಹೆಸರು ಕೊನೆಗೆ ಬರೆಯಿರಿ. ಮೊದಲು ತಾರೀಕು, ಹೊತ್ತು, ಜಾಗ, ಆಮೇಲೆ ತುದಿ, ಆಮೇಲೆ ಕಣ್ಣು, ಆಮೇಲೆ ಮೇಲ್ಮೈ ಕಂಡಿತೋ ಇಲ್ಲವೋ. ಹೆಸರನ್ನು ಮೊದಲು ಬರೆದರೆ ಮಿಕ್ಕಿದ್ದನ್ನು ಕಣ್ಣು ತಾನೇ ಹೊಂದಿಸಿಕೊಂಡುಬಿಡುತ್ತದೆ. ನನ್ನ ಪುಸ್ತಕದಿಂದ ಹೋದ ನವೆಂಬರಿನ ಒಂದು ಹಾಜರಿಯನ್ನು ಇದ್ದ ಹಾಗೇ ಕೊಡುತ್ತೇನೆ:

“9ನೇ ತಾರೀಕು, ಸಂಜೆ 6.20. ಪಲ್ಪರ್ ಮನೆಯ ಹಿಂದಿನ ಗೋಡೆ, ಟ್ಯೂಬ್‌ಲೈಟಿನ ಕೆಳಗೆ. ಎಡ ಮುಂರೆಕ್ಕೆ ತುದಿ ಕೊಕ್ಕೆ, ಪೂರ್ತಿ ಅಲ್ಲ. ಹಿಂರೆಕ್ಕೆ ಕಣ್ಣು ಆರು, ಎಲ್ಲ ಸಣ್ಣವು, ಬಳೆ ಮಾಸಿದೆ. ನೆಲ ತೆಳು, ಗೀಟು ಇದೆ. ಬಲಗಡೆ ಬಾಲದ ಹತ್ತಿರ ಹರಿದಿದೆ, ಹಳೆಯ ಗಾಯ. ಮೇಲ್ಮೈ ಏಳುವಾಗ ಕಂಡಿತು: ಮಚ್ಚೆ, ಎರಡು ಬಿಳಿ, ಹುಬ್ಬು ಅಗಲ. ಸಂಜೆಗಂದು. ಎಬ್ಬಿಸಿದ್ದು ನಾನಲ್ಲ, ಹಲ್ಲಿ.”